ರಾಜ್ಯ ತಂಡಕ್ಕೆ ರಗ್ಬಿ ಮಕ್ಕಳನ್ನು ಆರಿಸುವುದು ಹೇಗೆ? ಆಯ್ಕೆಗಾರರಿಗೆ ಒಂದು ಮಾರ್ಗದರ್ಶಿ

ರಗ್ಬಿ ಟ್ರಯಲ್ಸ್‌ಗೆ ಬಂದು ನಿಂತ ಹುಡುಗರಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಮೀಸೆ ಬಂದವನ ಮೇಲೆ. ಅವನು ಚೆಂಡು ಹಿಡಿದು ಓಡುತ್ತಾನೆ, ಮೂರು ಜನ ಅವನಿಗೆ ಬಡಿದು ಬೀಳುತ್ತಾರೆ, ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು) ಆಗುತ್ತದೆ. ಆಯ್ಕೆಗಾರರು ಅವನ ನಂಬರಿಗೆ ಸುತ್ತು ಹಾಕುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಉಳಿದವರೂ ಅವನಷ್ಟೇ ಬೆಳೆದಿರುತ್ತಾರೆ. ಅವನಿಗೆ ಪಾಸ್ ಮಾಡಲು ಬರುವುದಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ. ಅಲ್ಲಿಯವರೆಗೆ ಅವನಿಗೆ ಪಾಸ್ ಮಾಡುವ ಅಗತ್ಯವೇ ಬಿದ್ದಿರಲಿಲ್ಲ ನೋಡಿ.

ಈ ಬರಹ ಜಿಲ್ಲೆ ಅಥವಾ ರಾಜ್ಯ ಮಟ್ಟದ ಜೂನಿಯರ್ ಟ್ರಯಲ್ಸ್‌ನಲ್ಲಿ ಆಯ್ಕೆಗಾರರಾಗಿ ಕೂರುವ ಪಿಇ ಮೇಷ್ಟ್ರುಗಳಿಗೆ, ಕೋಚ್‌ಗಳಿಗೆ, ಹಳೆಯ ಆಟಗಾರರಿಗೆ. ನಮ್ಮಲ್ಲಿ ಜೂನಿಯರ್ ಮಟ್ಟದಲ್ಲಿ ಹೆಚ್ಚಾಗಿ ಆಡುವುದು ಸೆವೆನ್ಸ್, ಅಂದರೆ ಏಳು ಜನರ ರಗ್ಬಿ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

1. ಟ್ರಯಲ್ಸ್‌ಗೆ ಮೊದಲು ತಂಡವನ್ನು ಕಾಗದದ ಮೇಲೆ ಕಟ್ಟಿ

ಸೆವೆನ್ಸ್‌ನಲ್ಲಿ ಮೈದಾನದಲ್ಲಿ ಏಳು ಜನ, ಹೊರಗೆ ಐದು ಜನ ಬದಲಿ ಆಟಗಾರರು. ಒಟ್ಟು 12. ಮೂರು ಜನ ಫಾರ್ವರ್ಡ್‌ಗಳು, ಅಂದರೆ ಮುಂದೆ ನಿಂತು ನೂಕಾಡಿ ಚೆಂಡು ಗೆಲ್ಲುವವರು: ಇಬ್ಬರು ಪ್ರಾಪ್, ಒಬ್ಬ ಹುಕರ್. ನಾಲ್ಕು ಜನ ಬ್ಯಾಕ್‌ಗಳು, ಅಂದರೆ ಹಿಂದೆ ನಿಂತು ಚೆಂಡು ಹಂಚುವವರು, ಓಡುವವರು: ಸ್ಕ್ರಮ್ ಹಾಫ್, ಫ್ಲೈ ಹಾಫ್, ಸೆಂಟರ್, ವಿಂಗ್. ಏಳು ನಿಮಿಷದ ಎರಡು ಅರ್ಧ ಅಂದರೆ ಸಣ್ಣ ಆಟ ಅನಿಸಬಹುದು. ಆದರೆ ಹದಿನೈದು ಜನ ಆಡುವಷ್ಟೇ ದೊಡ್ಡ ಮೈದಾನವನ್ನು ಏಳು ಜನ ಕಾಯಬೇಕು, ಅದೂ ದಿನಕ್ಕೆ ಎರಡು ಮೂರು ಪಂದ್ಯ.

ಹಾಗಾಗಿ "ಒಳ್ಳೆಯ 12 ಆಟಗಾರರು" ಅಂತ ಹುಡುಕಲು ಹೊರಟರೆ ಕೊನೆಗೆ ಆರು ಜನ ವಿಂಗರ್‌ಗಳು ಕೈಗೆ ಸಿಗುತ್ತಾರೆ, ಹುಕರ್ ಒಬ್ಬನೂ ಇರುವುದಿಲ್ಲ. ಐದು ಜನ ಫಾರ್ವರ್ಡ್, ಮೂರು ಜನ ಆಟ ನಡೆಸುವವರು, ನಾಲ್ಕು ಜನ ಓಡುವವರು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಸಂಖ್ಯೆ ಒಂದು ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ.

ಆಯ್ಕೆಗಾರರು ಕನಿಷ್ಠ ಮೂರು ಜನ ಇರಲಿ. ಪ್ರತಿಯೊಬ್ಬರೂ ತಮ್ಮ ಶಾಲೆಯ, ಕ್ಲಬ್ಬಿನ, ಸಂಬಂಧಿಕರ ಮಕ್ಕಳು ಯಾರಾದರೂ ಇದ್ದಾರಾ ಅಂತ ಮೊದಲೇ ಹೇಳಿಬಿಡಲಿ. ಆ ಮಕ್ಕಳಿಗೆ ಅವರು ಅಂಕ ಕೊಡುವುದು ಬೇಡ. ನಮ್ಮಲ್ಲಿ ರಗ್ಬಿ ವಲಯ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. "ನನಗೆ ಪಕ್ಷಪಾತ ಇಲ್ಲ" ಅನ್ನುವವರ ಮಾತು ನಿಜವೇ ಇರಬಹುದು, ಆದರೂ ಅಂಕ ಬೇಡ. ತಮ್ಮ ಮಗುವಿನ ಬಗ್ಗೆ ಜಾಸ್ತಿ ಕಟ್ಟುನಿಟ್ಟಾಗಿ, ಪಾಪ, ಒಳ್ಳೆಯ ಹುಡುಗನನ್ನೇ ಕೈಬಿಡುವವರೂ ಇದ್ದಾರೆ.

ದಿನಾಂಕ ಇಡುವಾಗ ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆಯ ವೇಳಾಪಟ್ಟಿ ನೋಡಿ. ಮಾರ್ಚ್‌ನಲ್ಲಿ ಇಟ್ಟರೆ ಅರ್ಧ ಮಕ್ಕಳು ಬರುವುದಿಲ್ಲ, ಬಂದವರ ಮನಸ್ಸು ಪುಸ್ತಕದ ಮೇಲಿರುತ್ತದೆ.

2. ದಾಖಲೆ, ಬಿಬ್, ಬಸ್ಸು, ತಿಂಡಿ

ಹುಟ್ಟಿದ ದಿನಾಂಕದ ದಾಖಲೆಯನ್ನು ಬೆಳಿಗ್ಗೆಯೇ ನೋಡಿ. ಆಯ್ಕೆ ಮುಗಿದ ಮೇಲೆ ನೋಡಿದರೆ ಜಗಳ. ನಗರಸಭೆ ಅಥವಾ ಪಂಚಾಯಿತಿಯ ಜನನ ಪತ್ರಕ್ಕೂ ಶಾಲೆಯ ದಾಖಲೆಗೂ ತಾಳೆ ಆಗಬೇಕು. ಜೂನ್ 1ರಂದೇ ಹುಟ್ಟಿದವರು ನಮ್ಮ ಶಾಲಾ ರಿಜಿಸ್ಟರ್‌ಗಳಲ್ಲಿ ಎಷ್ಟು ಜನ ಅಂತ ಮೇಷ್ಟ್ರುಗಳಿಗೆ ನಾನು ಹೇಳಬೇಕಾಗಿಲ್ಲ. ಈಗಿನ ಮಕ್ಕಳಲ್ಲಿ ಅದು ಕಡಿಮೆ, ಆದರೂ ಜನನ ಪತ್ರವನ್ನೇ ಕೇಳಿ.

ಬಿಬ್‌ಗಳಿಗೆ ನಂಬರ್ ಹಾಕಿ, ಹೆಸರು ಬೇಡ. ಶಾಲೆ ಅಥವಾ ಕ್ಲಬ್ಬಿನ ಜರ್ಸಿ ಮೇಲೆ ಬಿಬ್ ಬರಲಿ. ಹೆಸರು, ಊರು, ಹುಟ್ಟಿದ ತಿಂಗಳು, ಮೊದಲು ಆಡುತ್ತಿದ್ದ ಆಟ, ರಗ್ಬಿಗೆ ಬಂದು ಎಷ್ಟು ತಿಂಗಳಾಯಿತು, ಇವೆಲ್ಲ ಬೇರೆ ಹಾಳೆಯಲ್ಲಿರಲಿ. ಅದು ನೋಂದಣಿ ಮೇಜಿನಲ್ಲೇ ಉಳಿಯಲಿ. ಆಯ್ಕೆಗಾರರ ಕೈಗೆ ಅದು ಬರುವುದು ಕೊನೆಯ ಸಭೆಯಲ್ಲಿ ಮಾತ್ರ.

ಬೀದರ್, ರಾಯಚೂರು, ಬೆಳಗಾವಿ ಕಡೆಯಿಂದ ಬೆಂಗಳೂರಿಗೆ ಬರುವ ಮಕ್ಕಳು ರಾತ್ರಿ ಬಸ್ಸಿನಲ್ಲಿ ಕೂತು ಬಂದಿರುತ್ತಾರೆ. ಮೆಜೆಸ್ಟಿಕ್‌ನಲ್ಲಿ ಇಳಿದು, ಮುಖ ತೊಳೆದು, ಸೀದಾ ಮೈದಾನಕ್ಕೆ. ಅದೇ ಹೊತ್ತಿಗೆ ಮೈದಾನದ ಪಕ್ಕದ ರಸ್ತೆಯ ಹುಡುಗ ಮನೆಯಲ್ಲಿ ಮಲಗೆದ್ದು ಇಡ್ಲಿ ತಿಂದು ಬಂದಿರುತ್ತಾನೆ. ಇಬ್ಬರನ್ನೂ ಏಳು ಗಂಟೆಗೆ ಓಡಿಸಿ ಅಂಕ ಹಾಕಿದರೆ ನೀವು ಅಳೆದದ್ದು ನಿದ್ದೆಯನ್ನು. ಸಾಧ್ಯವಾದರೆ ಹಿಂದಿನ ದಿನವೇ ಬರಲು ಹೇಳಿ, ಉಳಿಯಲು ಜಾಗ ಕೊಡಿ. ಆಗದಿದ್ದರೆ ದೂರದ ಮಕ್ಕಳಿಗೆ ಮಧ್ಯಾಹ್ನದ ಸರದಿ ಇಡಿ. ಎಲ್ಲರಿಗೂ ಬಾಳೆಹಣ್ಣು, ನೀರು ಇರಲಿ.

ಪೋಷಕರ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆ ಗೊತ್ತಿರುವ ಒಬ್ಬರು, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ಗಾಡಿ. ಇವಿಲ್ಲದೆ ಟ್ರಯಲ್ಸ್ ಶುರು ಮಾಡಬೇಡಿ. ಮೌತ್‌ಗಾರ್ಡ್ ಇಲ್ಲದವರಿಗೆ ಟ್ಯಾಕಲ್ (ಚೆಂಡು ಇರುವವನನ್ನು ಹಿಡಿದು ಬೀಳಿಸುವ) ಆಟ ಇಲ್ಲ. ಕಲ್ಲು ಮಣ್ಣಿನ ಗಟ್ಟಿ ಮೈದಾನವಾದರೆ ಯಾರಿಗೂ ಟ್ಯಾಕಲ್ ಆಟ ಇಲ್ಲ, ಬೀಳಿಸದೆ ಕೈಯಿಂದ ಮುಟ್ಟುವ ಟಚ್ ರಗ್ಬಿಯಲ್ಲೇ ನೋಡಿ. ಹೆಣ್ಣುಮಕ್ಕಳ ಟ್ರಯಲ್ಸ್‌ನಲ್ಲಿ ಆಯ್ಕೆಗಾರರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಬಟ್ಟೆ ಬದಲಿಸಲು ಬಾಗಿಲು ಹಾಕಬಹುದಾದ ಕೋಣೆ ಬೇಕು. ಸಣ್ಣ ವಿಷಯ ಅನಿಸಬಹುದು. ಅದಿಲ್ಲ ಅನ್ನುವ ಕಾರಣಕ್ಕೇ ಮುಂದಿನ ಸಲ ಮನೆಯವರು ಕಳಿಸುವುದಿಲ್ಲ.

3. ಎಲ್ಲಕ್ಕಿಂತ ಮೊದಲು ಟ್ಯಾಕಲ್ ನೋಡಿ

ಇದು ಅಂಕದ ವಿಷಯ ಅಲ್ಲ, ಪಾಸ್ ಅಥವಾ ಫೇಲ್. ನಿಧಾನವಾಗಿ ನಡೆದು ಬರುವ ಎದುರಾಳಿಯನ್ನು ಮೊಣಕಾಲೂರಿ ಹಿಡಿಯುವುದರಿಂದ ಶುರು ಮಾಡಿ. ಆಮೇಲೆ ನಿಂತು, ಆಮೇಲೆ ಅರ್ಧ ವೇಗದಲ್ಲಿ. ನಾಲ್ಕು ವಿಷಯ ನೋಡಿ. ತಲೆ ಎದುರಾಳಿಯ ದೇಹದ ಪಕ್ಕಕ್ಕೆ ಹೋಗುತ್ತದಾ, ಮುಂದಕ್ಕಾ? ಕಣ್ಣು ತೆರೆದಿದೆಯಾ? ಭುಜ ತಾಗಿದ ಮೇಲೆ ಎರಡೂ ಕೈ ಸುತ್ತುತ್ತವಾ? ಹಿಡಿತ ಎದೆಗಿಂತ ಕೆಳಗಿದೆಯಾ? ನಿಯಮ ಹೇಳುವುದು ಭುಜದ ಗೆರೆಗಿಂತ ಮೇಲೆ ಹಿಡಿಯಬಾರದು ಅಂತ. ಇಂಗ್ಲೆಂಡ್‌ನಲ್ಲಿ 2023ರಿಂದ ಕ್ಲಬ್, ಶಾಲಾ ಮಟ್ಟದಲ್ಲಿ ಆ ಗೆರೆಯನ್ನು ಎದೆಮೂಳೆಯ ಕೆಳಗೆ ಇಳಿಸಿದ್ದಾರೆ. ಮಕ್ಕಳ ಟ್ರಯಲ್ಸ್‌ಗೆ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲಿ ನಮ್ಮ ಮಕ್ಕಳ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ರಗ್ಬಿಗೆ ಬರುವ ಎಷ್ಟೋ ಮಕ್ಕಳು ಮೊದಲು ಕಬಡ್ಡಿ ಆಡಿದವರು. ಅವರಿಗೆ ಮೈಗೆ ಮೈ ತಾಗಿಸಲು ಹೆದರಿಕೆ ಇಲ್ಲ. ಎದುರಾಳಿಯ ಕಾಲು ಯಾವ ಕಡೆ ತಿರುಗುತ್ತದೆ ಅಂತ ಓದುವ ಕಣ್ಣು ಇದೆ. ಇದು ದೊಡ್ಡ ಆಸ್ತಿ. ಆದರೆ ಕಬಡ್ಡಿಯ ಮೂರು ಅಭ್ಯಾಸಗಳು ರಗ್ಬಿಯಲ್ಲಿ ತೊಂದರೆ ಕೊಡುತ್ತವೆ.

ಮೊದಲನೆಯದು ಡ್ಯಾಶ್. ಕಬಡ್ಡಿಯಲ್ಲಿ ರೈಡರ್‌ನನ್ನು ಕೈ ಸುತ್ತದೆ ಭುಜದಿಂದ ನೂಕಿ ಅಂಕಣದ ಹೊರಗೆ ಹಾಕಿದರೆ ಚಪ್ಪಾಳೆ. ರಗ್ಬಿಯಲ್ಲಿ ಕೈ ಸುತ್ತದೆ ಭುಜ ಹೊಡೆದರೆ ಪೆನಾಲ್ಟಿ, ಜೋರಾಗಿದ್ದರೆ ಕಾರ್ಡ್. ಸೆವೆನ್ಸ್‌ನಲ್ಲಿ ಹಳದಿ ಕಾರ್ಡ್ ಅಂದರೆ ಎರಡು ನಿಮಿಷ ಹೊರಗೆ, ಅಷ್ಟರಲ್ಲಿ ಎರಡು ಟ್ರೈ ಹೋಗಿರುತ್ತದೆ. ಎರಡನೆಯದು ತೊಡೆ ಹಿಡಿದು ಎತ್ತುವುದು. ಎತ್ತಿಸಿಕೊಂಡವನ ಸೊಂಟ ಮೇಲೆ, ತಲೆ ಕೆಳಗೆ ಆದರೆ ಕುತ್ತಿಗೆಗೇ ಅಪಾಯ. ಮೂರನೆಯದು ಬಿಡದೇ ಇರುವುದು. ಕಬಡ್ಡಿಯಲ್ಲಿ ಬಿಟ್ಟರೆ ಪಾಯಿಂಟ್ ಹೋಯಿತು. ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ತಕ್ಷಣ ಬಿಡದಿದ್ದರೆ ಪೆನಾಲ್ಟಿ. ಹತ್ತು ವರ್ಷ ವಯಸ್ಸಿನಿಂದ "ಬಿಡಬೇಡ, ಬಿಡಬೇಡ" ಅಂತ ಕೇಳಿಕೊಂಡು ಬೆಳೆದ ಹುಡುಗನಿಗೆ ಇದು ಮೈಗೆ ಹತ್ತಲು ಸಮಯ ಬೇಕು.

ಈ ತಪ್ಪು ಕಂಡ ಕೂಡಲೇ ಮಗುವನ್ನು ಕೈಬಿಡಬೇಡಿ. ಒಂದು ಸಲ ಹೇಳಿಕೊಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿಸಿ. ಎಷ್ಟು ಬದಲಾಯಿತು? ನನ್ನ ಮಟ್ಟಿಗೆ ಇಡೀ ಟ್ರಯಲ್ಸ್‌ನಲ್ಲಿ ಅತಿ ಹೆಚ್ಚು ಸುದ್ದಿ ಕೊಡುವ ಹತ್ತು ನಿಮಿಷ ಇದೇ. ಹೇಳಿದ್ದನ್ನು ಕೇಳಿ ಮೈಗೆ ತಂದುಕೊಳ್ಳುವ ಮಗು ಮುಂದೆ ಬರುತ್ತದೆ. ತಲೆಯನ್ನು ಮುಂದಿಟ್ಟೇ ನುಗ್ಗುವವರಿಗೆ ಮಾತ್ರ ಆ ದಿನ ಪೂರ್ಣ ಆಟ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ, ಟಚ್ ಆಟದಲ್ಲಿ ನೋಡಿ.

4. ಸ್ಟಾಪ್‌ವಾಚ್‌ಗೆ ಎಷ್ಟು ಬೆಲೆ ಕೊಡಬೇಕು

10 ಮೀಟರ್, 30 ಮೀಟರ್ ಓಟ ಮತ್ತು ಬ್ರಾಂಕೊ ಟೆಸ್ಟ್. ಇಷ್ಟು ಸಾಕು. ಬ್ರಾಂಕೊ ಅಂದರೆ 20 ಮೀಟರ್ ಹೋಗಿ ಬರುವುದು, 40 ಹೋಗಿ ಬರುವುದು, 60 ಹೋಗಿ ಬರುವುದು. ಅದು ಒಂದು ಸುತ್ತು, 240 ಮೀಟರ್. ನಿಲ್ಲದೆ ಐದು ಸುತ್ತು, ಒಟ್ಟು 1200 ಮೀಟರ್. ನಾಲ್ಕು ಕೋನ್, ಒಂದು ಗಡಿಯಾರ ಇದ್ದರೆ ಆಯಿತು.

ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ ಸೆಕೆಂಡಿನ ಹತ್ತನೇ ಒಂದೆರಡು ಭಾಗ ತಪ್ಪುವುದು ಮಾಮೂಲಿ. 30 ಮೀಟರ್ ಓಟದಲ್ಲಿ 4.4 ಮತ್ತು 4.5 ಅಂತ ಬಂದ ಇಬ್ಬರ ಮಧ್ಯೆ ನಿಜವಾಗಿ ವ್ಯತ್ಯಾಸ ಇದೆಯೋ ಇಲ್ಲವೋ ನಿಮಗೂ ಗೊತ್ತಿಲ್ಲ, ಗಡಿಯಾರಕ್ಕೂ ಗೊತ್ತಿಲ್ಲ. ಹಾಗಾಗಿ ಸಮಯದ ಪ್ರಕಾರ ಒಂದರಿಂದ ಅರವತ್ತರವರೆಗೆ ಸಾಲು ಹಚ್ಚಬೇಡಿ. ತುಂಬಾ ವೇಗ, ಸಾಕಷ್ಟು ವೇಗ, ಈಗ ಸಾಲದು ಅಂತ ಮೂರು ಗುಂಪು ಮಾಡಿ.

ತುಂಬಾ ವೇಗದ ಗುಂಪಿನಲ್ಲಿ ರಗ್ಬಿ ಗೊತ್ತೇ ಇಲ್ಲದವರು ಸಿಕ್ಕರೆ ಬಿಡಬೇಡಿ. ಬಿಹಾರದ ಸ್ವೀಟಿ ಕುಮಾರಿ ಮೊದಲು ಓಟಗಾರ್ತಿ. ಆ ವೇಗವೇ ಅವರನ್ನು ರಗ್ಬಿಗೆ ತಂದು, ಭಾರತ ತಂಡದವರೆಗೆ ಕರೆದುಕೊಂಡು ಹೋಯಿತು. ಚೆಂಡು ಹಿಡಿಯುವುದನ್ನು ಕಲಿಸಬಹುದು, ಆ ಓಟವನ್ನು ಕಲಿಸಲಾಗದು.

5. ಆಟ ಆಡಿಸಿ, ಆದರೆ ಚೆಂಡನ್ನು ನೋಡಬೇಡಿ

ಮೊದಲು ಸಣ್ಣ ಮೈದಾನದಲ್ಲಿ ನಾಲ್ಕು ಜನರ ವಿರುದ್ಧ ನಾಲ್ಕು ಜನರ ಟಚ್. ಪ್ರತಿಯೊಬ್ಬರ ಕೈಗೂ ಚೆಂಡು ಬರುತ್ತದೆ, ಅಡಗಿಕೊಳ್ಳಲು ಜಾಗ ಇಲ್ಲ. ಆಮೇಲೆ ಏಳರ ಆಟ. ತಂಡಗಳನ್ನು ನೀವೇ ಮಾಡಿ. ಒಂದೇ ಕ್ಲಬ್ಬಿನವರನ್ನು ಬೇರೆ ಬೇರೆ ಹಾಕಿ, ಪ್ರತಿ ಆಟಕ್ಕೂ ಬೆರೆಸಿ. ಒಂದು ಸಲವಾದರೂ ಚೆನ್ನಾಗಿ ಆಡುವವನನ್ನು ಸೋಲುವ ತಂಡದಲ್ಲಿ ಹಾಕಿ ನೋಡಿ. ಮೂರು ಟ್ರೈ ಹಿಂದೆ ಬಿದ್ದಾಗ ಅವನು ಜೊತೆಯವರಿಗೆ ಬೈಯುತ್ತಾನಾ, ಸುಮ್ನೆ ಆಗುತ್ತಾನಾ, ಅಥವಾ ಮುಂದಿನ ಕಿಕ್‌ಆಫ್‌ಗೆ ಎಲ್ಲರನ್ನೂ ಸೇರಿಸುತ್ತಾನಾ? ಗೆಲ್ಲುವ ತಂಡದಲ್ಲಿ ಇದು ಕಾಣುವುದೇ ಇಲ್ಲ.

ಒಬ್ಬ ಆಯ್ಕೆಗಾರ ಒಂದು ಅರ್ಧದಲ್ಲಿ ಇಬ್ಬರು ಅಥವಾ ಮೂವರನ್ನು ಮಾತ್ರ ನೋಡಬೇಕು. ಚೆಂಡು ಎಲ್ಲಿಗೇ ಹೋಗಲಿ, ನಿಮ್ಮ ಕಣ್ಣು ನಿಮ್ಮ ನಂಬರಿನ ಮೇಲಿರಲಿ. ಇದು ಹೇಳಿದಷ್ಟು ಸುಲಭ ಅಲ್ಲ, ಟ್ರೈ ಆಗುವಾಗ ಕತ್ತು ತಾನಾಗಿಯೇ ಆ ಕಡೆ ತಿರುಗುತ್ತದೆ.

ನೋಡಬೇಕಾದದ್ದು ಇಷ್ಟು. ಎದುರಾಳಿ ಸಾಲು ಮುರಿದು ಓಡಿದಾಗ ನಿಮ್ಮ ಹುಡುಗ ಹಿಂದಕ್ಕೆ ತಿರುಗಿ ಓಡುತ್ತಾನಾ, ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನಾ? ಟ್ಯಾಕಲ್ ಮಾಡಿದ ಮೇಲೆ ಎಷ್ಟು ಬೇಗ ಎದ್ದು ಮತ್ತೆ ಸಾಲಿಗೆ ಬರುತ್ತಾನೆ? ಏಳು ಜನರ ಆಟದಲ್ಲಿ ನೆಲದ ಮೇಲಿರುವವನು ಲೆಕ್ಕಕ್ಕಿಲ್ಲ, ತಂಡ ಆರು ಜನರದ್ದಾಗಿರುತ್ತದೆ. ಜೊತೆಯವನು ಓಡುವಾಗ ಬೆನ್ನಿಗೆ ಬರುತ್ತಾನಾ? ಎರಡೂ ಕಡೆಗೆ ಪಾಸ್ ಮಾಡುತ್ತಾನಾ, ಅಥವಾ ಬಲಗಡೆಗೆ ಮಾತ್ರವಾ? ಎದುರಿಗೆ ಒಬ್ಬನೇ ರಕ್ಷಕ, ಪಕ್ಕದಲ್ಲಿ ಜೊತೆಗಾರ ಇದ್ದಾಗ ರಕ್ಷಕನನ್ನು ತನ್ನ ಕಡೆ ಎಳೆದುಕೊಂಡು ಪಾಸ್ ಕೊಡುತ್ತಾನಾ? ಚೆಂಡು ಕೈಜಾರಿದ ಮೇಲಿನ ಐದು ಸೆಕೆಂಡು ಏನು ಮಾಡುತ್ತಾನೆ? ಬಾಯಿ ತೆರೆದು ಜೊತೆಯವರನ್ನು ಕರೆಯುತ್ತಾನಾ? ಕನ್ನಡದಲ್ಲೋ ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಮುಖ್ಯ ಅಲ್ಲ. ಬೆಂಗಳೂರಿನ ಹುಡುಗರ ಇಂಗ್ಲಿಷ್ ನಡುವೆ ಬಾಯಿ ಕಟ್ಟಿಕೊಂಡ ಹಳ್ಳಿಯ ಮಗುವಿಗೆ "ನಿನ್ನ ಮಾತಿನಲ್ಲೇ ಕೂಗಪ್ಪ" ಅಂತ ಮೊದಲೇ ಹೇಳಿಬಿಡಿ.

ಆಯ್ಕೆಗಾರರು ಸಾಮಾನ್ಯವಾಗಿ ಮರೆಯುವ ಎರಡು ಕೌಶಲಗಳಿವೆ. ಸೆವೆನ್ಸ್‌ನಲ್ಲಿ ಟ್ರೈ ಹೊಡೆದ ತಂಡವೇ ಮತ್ತೆ ಕಿಕ್‌ಆಫ್ ಮಾಡುತ್ತದೆ. ಎತ್ತರಕ್ಕೆ ಬಂದ ಆ ಚೆಂಡನ್ನು ಹಾರಿ ಹಿಡಿಯುವವನು ನಿಮ್ಮಲ್ಲಿದ್ದರೆ ಎದುರಾಳಿಗೆ ಚೆಂಡೇ ಸಿಗದಂತೆ ಮಾಡಬಹುದು. ಇನ್ನೊಂದು ಡ್ರಾಪ್ ಕಿಕ್. ಸೆವೆನ್ಸ್‌ನಲ್ಲಿ ಟ್ರೈಗೆ ಐದು ಅಂಕ, ಅದರ ನಂತರದ ಕನ್ವರ್ಶನ್‌ಗೆ ಎರಡು. ಆ ಕನ್ವರ್ಶನ್ನನ್ನು ಚೆಂಡು ನೆಲಕ್ಕೆ ಬಿಟ್ಟು ಪುಟಿದಾಗ ಒದ್ದೇ ಹೊಡೆಯಬೇಕು. ಎಲ್ಲ ಮಕ್ಕಳಿಗೂ ಐದೈದು ಕಿಕ್ ಕೊಟ್ಟು ನೋಡಿ. ಯಾರೂ ನಿರೀಕ್ಷಿಸದ ಪ್ರಾಪ್ ಒಬ್ಬ ನಾಲ್ಕು ಹೊಡೆದುಬಿಡಬಹುದು.

ಅಂಕ 1ರಿಂದ 4 ಇರಲಿ. 5ರವರೆಗೆ ಇಟ್ಟರೆ ಎಲ್ಲರಿಗೂ 3 ಬೀಳುತ್ತದೆ. ಪ್ರತಿ ಅಂಕದ ಪಕ್ಕದಲ್ಲಿ ಕಂಡದ್ದನ್ನು ಬರೆಯಿರಿ. "ಚೆನ್ನಾಗಿ ಆಡಿದ" ಅನ್ನುವುದು ಏನನ್ನೂ ಹೇಳುವುದಿಲ್ಲ. "23: ಎಡಗಡೆ ಪಾಸ್ ಮೂರಕ್ಕೆ ಮೂರು ಸರಿ. ಸಾಲು ಮುರಿದಾಗ ಹಿಂದಕ್ಕೆ ಓಡಿ ವಿಂಗರ್‌ನನ್ನು ಹಿಡಿದ. ರಕ್‌ನಲ್ಲಿ ನಿಧಾನ." (ರಕ್ ಅಂದರೆ ನೆಲದ ಮೇಲಿನ ಚೆಂಡಿಗಾಗಿ ನಡೆಯುವ ನೂಕಾಟ.) ಇಷ್ಟಿದ್ದರೆ ಸಂಜೆ ಸಭೆಯಲ್ಲಿ ಮಾತಾಡಬಹುದು.

6. ಬೆಳೆದವರು, ಇನ್ನೂ ಬೆಳೆಯಬೇಕಾದವರು

ಗಂಡುಮಕ್ಕಳು ಸರಸರನೆ ಎತ್ತರ ಆಗುವುದು ಸುಮಾರು 14ರ ಹೊತ್ತಿಗೆ, ಹೆಣ್ಣುಮಕ್ಕಳು 12ರ ಹೊತ್ತಿಗೆ. ಅದು ಸರಾಸರಿ. ಒಬ್ಬನಿಗೆ 12ಕ್ಕೇ ಬರುತ್ತದೆ, ಇನ್ನೊಬ್ಬನಿಗೆ 16 ಆದರೂ ಬಂದಿರುವುದಿಲ್ಲ. ಹುಟ್ಟಿದ ವರ್ಷ ಒಂದೇ, ದೇಹದ ವಯಸ್ಸಿನಲ್ಲಿ ಮೂರು ನಾಲ್ಕು ವರ್ಷದ ಅಂತರ. ಇದರ ಮೇಲೆ ಹುಟ್ಟಿದ ತಿಂಗಳ ಆಟವೂ ಇದೆ. ವಯಸ್ಸು ಲೆಕ್ಕ ಹಾಕುವ ಕಟ್‌ಆಫ್ ದಿನ ಜನವರಿ 1 ಆಗಿದ್ದರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹೆಚ್ಚು ಕಡಿಮೆ ಒಂದು ವರ್ಷ ದೊಡ್ಡವನು. ರಗ್ಬಿ, ಫುಟ್‌ಬಾಲ್, ಐಸ್ ಹಾಕಿ, ಇಂಥ ಹಲವು ಆಟಗಳ ಕಿರಿಯರ ತಂಡಗಳಲ್ಲಿ ಕಟ್‌ಆಫ್ ಆದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಹಾಗಂತ ದೊಡ್ಡ ಹುಡುಗನಿಗೆ ಅಂಕ ಕಡಿಮೆ ಮಾಡಿ ಅಂತ ಹೇಳುತ್ತಿಲ್ಲ. ಬೇಗ ಬೆಳೆದದ್ದು ಅವನ ತಪ್ಪಲ್ಲ. ಆಟದ ಒಂದು ಸರದಿಯಲ್ಲಿ ವಯಸ್ಸು ಬಿಟ್ಟು, ಎತ್ತರ ತೂಕ ನೋಡಿ ತಂಡ ಮಾಡಿ. ದೊಡ್ಡವರು ದೊಡ್ಡವರ ಜೊತೆ, ಸಣ್ಣವರು ಸಣ್ಣವರ ಜೊತೆ. ಎದುರಿಗಿರುವವರು ಬಡಿದು ಬೀಳದಿದ್ದಾಗ ದೊಡ್ಡ ಹುಡುಗ ಏನು ಮಾಡುತ್ತಾನೆ? ದಾರಿ ಹುಡುಕುತ್ತಾನಾ, ಪಾಸ್ ಕೊಡುತ್ತಾನಾ, ಅಥವಾ ಮತ್ತೆ ಅದೇ ಗೋಡೆಗೆ ಹೋಗಿ ಗುದ್ದುತ್ತಾನಾ? ಅತ್ತ ಸಣ್ಣವರ ಆಟದಲ್ಲಿ, ಇಷ್ಟು ಹೊತ್ತು ಕಾಣದಿದ್ದ ಒಬ್ಬ ಇದ್ದಕ್ಕಿದ್ದಂತೆ ಆಟ ನಡೆಸಲು ಶುರು ಮಾಡುತ್ತಾನೆ.

ಗಿಡ್ಡವರು ರಗ್ಬಿಗೆ ಆಗುವುದಿಲ್ಲ ಅನ್ನುವವರು ಆಯ್ಕೆ ಸಮಿತಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಫಿಜಿಯ ಜೆರ್ರಿ ತುವಾಯ್ ಹೆಸರು ಹೇಳಿ. ಐದೂಮುಕ್ಕಾಲು ಅಡಿಯೂ ಇಲ್ಲದ ಆಟಗಾರ, ರಿಯೋ ಮತ್ತು ಟೋಕಿಯೋ ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ. 2024ರ ಪ್ಯಾರಿಸ್ ಫೈನಲ್‌ನಲ್ಲಿ ಅದೇ ಫಿಜಿಯನ್ನು ಫ್ರಾನ್ಸ್ 28–7ರಿಂದ ಸೋಲಿಸಿದಾಗ ಬದಲಿ ಆಟಗಾರನಾಗಿ ಬಂದು ಆಟ ತಿರುಗಿಸಿದ ಆಂಟ್ವಾನ್ ಡುಪಾಂ ಕೂಡ ಎತ್ತರದ ಆಳಲ್ಲ.

7. ಸಂಜೆಯ ಸಭೆ

ಮಾತು ಶುರು ಆಗುವ ಮೊದಲು ಎಲ್ಲರೂ ಅಂಕದ ಹಾಳೆಯನ್ನು ಮೇಜಿನ ಮೇಲಿಡಬೇಕು. ಮೊದಲು ಮಾತಾಡುವುದು ಅತಿ ಕಿರಿಯ ಆಯ್ಕೆಗಾರ. ಹಿರಿಯರು ಶುರು ಮಾಡಿದರೆ "ಹೌದು ಸಾರ್" ಅನ್ನುವುದು ಬಿಟ್ಟು ಬೇರೇನೂ ಬರುವುದಿಲ್ಲ.

ಏಳೆಂಟು ಹೆಸರುಗಳಿಗೆ ತಕರಾರೇ ಇರುವುದಿಲ್ಲ. ಅವುಗಳ ಮೇಲೆ ಸಮಯ ಕಳೆಯಬೇಡಿ. ಕೊನೆಯ ನಾಲ್ಕು ಜಾಗಕ್ಕೆ ಹತ್ತು ಮಕ್ಕಳು ಇರುತ್ತಾರೆ, ಜಗಳ ಅಲ್ಲಿ. ಮೊದಲೇ ಬರೆದಿಟ್ಟ ತಂಡದ ಹಾಳೆಯನ್ನು ಈಗ ತೆಗೆಯಿರಿ. ಯಾವ ಜಾಗ ಖಾಲಿ ಇದೆ? ಹುಕರ್‌ಗೆ ಗಾಯವಾದರೆ ಯಾರು? ಎರಡು ಜಾಗದಲ್ಲಿ ಆಡಬಲ್ಲವನಿಗೆ ಇಲ್ಲಿ ಬೆಲೆ. ಇನ್ನೂ ಸಮ ಬಂದರೆ ನೋಂದಣಿ ಹಾಳೆ ತರಿಸಿ. ಆರು ವರ್ಷದಿಂದ ಕ್ಲಬ್ಬಿನಲ್ಲಿ ಆಡುತ್ತಿರುವವನೂ ಎಂಟು ತಿಂಗಳ ಹಿಂದೆ ಚೆಂಡು ಮುಟ್ಟಿದವನೂ ಒಂದೇ ಅಂಕ ತಂದಿದ್ದರೆ ನಾನು ಎರಡನೆಯವನನ್ನು ತೆಗೆದುಕೊಳ್ಳುತ್ತೇನೆ. ಹುಟ್ಟಿದ ತಿಂಗಳನ್ನೂ ನೋಡಿ. 12ರಲ್ಲಿ ಒಂಬತ್ತು ಜನ ಜನವರಿಯಿಂದ ಏಪ್ರಿಲ್‌ವರೆಗಿನವರೇ ಆಗಿದ್ದರೆ ಪಟ್ಟಿಯನ್ನು ಇನ್ನೊಂದು ಸಲ ಓದುವುದು ಒಳ್ಳೆಯದು. ಒಂದೇ ಊರಿನವರೇ ತುಂಬಿದ್ದರೂ ಅಷ್ಟೇ.

ಬೆಳಿಗ್ಗೆ ತಲೆಗೆ ಪೆಟ್ಟು ಬಿದ್ದು ಹೊರಗೆ ಕೂತ ಮಗುವನ್ನು ಮರೆಯಬೇಡಿ. ತಲೆಗೆ ಪೆಟ್ಟಾಗಿದೆ ಅನ್ನುವ ಅನುಮಾನ ಬಂದರೆ ಆ ದಿನ ಮತ್ತೆ ಆಟಕ್ಕಿಳಿಸುವಂತಿಲ್ಲ. ಕನ್ಕಶನ್ (ಪೆಟ್ಟಿನಿಂದ ಮಿದುಳು ಅದುರುವುದು) ಆದರೆ, ಈ ಮಟ್ಟದ ಆಟಗಾರರು 21 ದಿನಕ್ಕಿಂತ ಮೊದಲು ಪಂದ್ಯ ಆಡಬಾರದು ಅಂತ ಈ ಆಟದ ಜಾಗತಿಕ ಸಂಸ್ಥೆಯಾದ ವರ್ಲ್ಡ್ ರಗ್ಬಿಯ ಮಾರ್ಗಸೂಚಿ ಹೇಳುತ್ತದೆ. "ಸಾರ್, ಏನೂ ಆಗಿಲ್ಲ, ಆಡ್ತೀನಿ" ಅಂತ ಮಗು ಹೇಳಿಯೇ ಹೇಳುತ್ತದೆ, ಯಾಕಂದರೆ ಹೊರಗೆ ಕೂತರೆ ಆಯ್ಕೆ ಹೋಯಿತು ಅನ್ನುವ ಹೆದರಿಕೆ. ಪೆಟ್ಟು ಹೇಳಿಕೊಂಡವರಿಗೆ ಇನ್ನೊಂದು ದಿನ ಅವಕಾಶ ಇದೆ ಅಂತ ಬೆಳಿಗ್ಗೆಯೇ ಎಲ್ಲರ ಮುಂದೆ ಹೇಳಿ. ಹೇಳಿದ ಮೇಲೆ ಆ ಅವಕಾಶ ಕೊಡಿ.

8. ಮಕ್ಕಳಿಗೆ ಹೇಳುವುದು

ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಎಸೆಯುವುದು ನಮ್ಮಲ್ಲಿ ಪದ್ಧತಿಯೇ ಆಗಿಬಿಟ್ಟಿದೆ. ಹೆಸರು ಹುಡುಕಿ ಸಿಗದ ಮಗು ಬಸ್ಸಿನ ಕೊನೆ ಸೀಟಿನಲ್ಲಿ ಕೂತು ಅದನ್ನು ಮತ್ತೆ ಮತ್ತೆ ಮೇಲಿಂದ ಕೆಳಗೆ ಓದುತ್ತಿರುತ್ತದೆ. ಇದು ಬೇಡ. ಕೊನೆಯ ಇಪ್ಪತ್ತೈದು ಜನರಿಗಾದರೂ ಒಬ್ಬೊಬ್ಬರಿಗೆ ಎರಡು ನಿಮಿಷ ಕೊಟ್ಟು ಮುಖ ನೋಡಿ ಹೇಳಿ. ಆಯ್ಕೆ ಆಗದವರಿಗೆ ಒಂದು ಒಳ್ಳೆಯದು, ಒಂದು ಕೆಲಸ. "ನಿನ್ನ ಟ್ಯಾಕಲ್ ಚೆನ್ನಾಗಿದೆ. ಎಡಗೈ ಕಡೆ ಪಾಸ್ ಬರುವುದಿಲ್ಲ, ದಿನಾ ಗೋಡೆಗೆ ಐವತ್ತು ಹೊಡಿ." ನಿಮ್ಮ ಹಾಳೆಯಲ್ಲಿ ಕಂಡದ್ದನ್ನು ಬರೆದಿದ್ದರೆ ಈ ಎರಡು ಮಾತು ಹುಡುಕಲು ಕಷ್ಟ ಇಲ್ಲ.

ಅಪ್ಪ ಅಮ್ಮಂದಿರ ಫೋನ್ ಬರುತ್ತದೆ. ಅವರ ಮಗುವಿನ ಬಗ್ಗೆ ಮಾತಾಡಿ, ಬೇರೆ ಮಗುವಿನ ಜೊತೆ ಹೋಲಿಸಲು ಮಾತ್ರ ಹೋಗಬೇಡಿ. "ಅವನನ್ನು ತಗೊಂಡ್ರಿ, ನನ್ನ ಮಗನನ್ನು ಯಾಕೆ ಬಿಟ್ರಿ" ಅಂತ ಕೇಳಿದರೆ, ಆ ಹುಡುಗನ ವಿಷಯ ಅವನ ಮನೆಯವರ ಹತ್ತಿರ ಮಾತ್ರ ಮಾತಾಡುತ್ತೇನೆ ಅಂತ ಹೇಳಿಬಿಡಿ.

ಅಂಕದ ಹಾಳೆಗಳನ್ನು ಎಸೆಯಬೇಡಿ. 12 ಜನರ ಹಾಳೆ ತಂಡದ ಕೋಚ್‌ಗೆ ಹೋಗಲಿ, ಉಳಿದವು ಮುಂದಿನ ವರ್ಷದ ಆಯ್ಕೆಗಾರರಿಗೆ. ಅವರು ಈ ಹಾಳೆಗಳನ್ನು ತೆಗೆಯಬೇಕಾದದ್ದು ತಾವೇ ಅಂಕ ಹಾಕಿ ಮುಗಿಸಿದ ಮೇಲೆ. ಕಳೆದ ವರ್ಷ 2 ಇದ್ದದ್ದು ಈ ವರ್ಷ 3 ಆಗಿರುವ ಮಗುವನ್ನು ಅಲ್ಲಿ ಹುಡುಕಿ.